ಎಲ್ಲ ಬಸವನಹುಳುಗಳೂ ಒಂದೇ ಅಲ್ಲ



ಕೆಲವು ವರ್ಷಗಳಿಂದೀಚೆಗೆ ಮುಂಗಾರು ಆರಂಭವಾಯಿತೆಂದರೆ ಊರ ಕಡೆಯಿಂದ ನನಗೆ ಬರುವ ದೂರವಾಣಿ ಕರೆಗಳಲ್ಲಿ ಒಂದು ಪ್ರಶ್ನೆ ತಪ್ಪುವುದಿಲ್ಲ. "ಸರ್, ಹೊಲದಾಗ ಬಸವನಹುಳ ಬಹಳ ಆಗ್ಯಾವ, ಯಾವ ಔಷಧ ಹಾಕಬೇಕು?" ಕೇಳುವವರಲ್ಲಿ ಹೆಚ್ಚಿನವರು ಆಳಂದ ತಾಲ್ಲೂಕಿನ ನನ್ನ ಹಳೆಯ ವಿದ್ಯಾರ್ಥಿಗಳು. ನಾನು ಕೃಷಿ ವಿಜ್ಞಾನಿಯಲ್ಲ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ವಿಜ್ಞಾನ ಬೋಧಿಸಿ ನಿವೃತ್ತನಾದವನು. ಆದುದರಿಂದ ಔಷಧದ ಮಾತಿಗೆ ಮುನ್ನ ಮಾಸ್ತರಿಕೆಯ ರೂಢಿಯಂತೆ ಮರುಪ್ರಶ್ನೆ ಹಾಕುತ್ತೇನೆ: "ಯಾವ ಬಸವನಹುಳು?" ಆ ಕಡೆ ಬಹುತೇಕ ಸಲ ಮೌನ. ಬಸವನಹುಳು ಎಂದರೆ ಬಸವನಹುಳು, ಅದರಲ್ಲಿ ಯಾವುದು ಎಂದರೇನು ಎಂಬ ಮೌನ ಅದು.

ಈ ಲೇಖನ ಬರೆಯಲು ಆ ಮೌನವೇ ಕಾರಣ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಗುರುತು ಮೊದಲು, ವಿಷ ಆಮೇಲೆ. ನಮ್ಮ ನೆಲದಲ್ಲಿಯೂ ಭೀಮೆಯ ನೀರಿನಲ್ಲಿಯೂ ಅನೇಕ ಬಗೆಯ ಬಸವನಹುಳುಗಳಿವೆ. ಅವುಗಳಲ್ಲಿ ಒಂದು ಹೊರಗಿನಿಂದ ಬಂದು ಬೆಳೆ ತಿನ್ನುವಂಥದು, ಒಂದೆರಡು ದನಕರುಗಳ ರೋಗಕ್ಕೆ ಆಸರೆಯಾಗುವಂಥವು, ಮಿಕ್ಕವು ತಮ್ಮ ಪಾಡಿಗೆ ತಾವು ಉಪಕಾರ ಮಾಡಿಕೊಂಡಿರುವಂಥವು. ಎಲ್ಲಕ್ಕೂ ಒಂದೇ ಹೆಸರು, ಎಲ್ಲಕ್ಕೂ ಒಂದೇ ಶಿಕ್ಷೆ ಎನ್ನುವುದು ರೈತನಿಗೂ ಹಿತವಲ್ಲ, ನೆಲಕ್ಕೂ ಹಿತವಲ್ಲ.

ಹೆಸರಿನಿಂದಲೇ ಆರಂಭಿಸೋಣ. ತಲೆಯ ಮೇಲಿನ ಕೊಂಬಿನಂಥ ಸ್ಪರ್ಶಾಂಗಗಳನ್ನೂ ಬೆನ್ನ ಮೇಲಿನ ಡುಬ್ಬದಂಥ ಚಿಪ್ಪನ್ನೂ ಮಂದಗತಿಯನ್ನೂ ಕಂಡ ನಮ್ಮ ಹಿರಿಯರು ಇದಕ್ಕೆ ಬಸವನ ಹೆಸರಿಟ್ಟಿರಬೇಕು. ಆಳಂದದ ಗಡಿ ದಾಟಿದರೆ ಮರಾಠಿಯವರು ಇದನ್ನು 'ಗೋಗಲಗಾಯ್' ಎನ್ನುತ್ತಾರೆ. ಅಲ್ಲಿಯೂ ಒಂದು ಗಾಯ್, ಅಂದರೆ ಹಸು, ಬಂದು ಕುಳಿತಿದೆ. ಒಂದು ಭಾಷೆಗೆ ಎತ್ತಾಗಿ, ಪಕ್ಕದ ಭಾಷೆಗೆ ಆಕಳಾಗಿ ಕಂಡಿರುವ ಈ ಪುಟ್ಟ ಪ್ರಾಣಿಯನ್ನು ತೆಲುಗರು 'ನತ್ತ' ಎನ್ನುತ್ತಾರೆ, ತಮಿಳರು 'ನತ್ತೈ' ಎನ್ನುತ್ತಾರೆ. ಕನ್ನಡದ ಹಳೆಯ ನಿಘಂಟುಗಳಲ್ಲಿಯೂ 'ನತ್ತೆ' ಎಂಬ ಪದ ಸಿಗುತ್ತದೆ. ಸಂಸ್ಕೃತದಲ್ಲಿ ಶಂಬೂಕ. ಇಷ್ಟು ಹೆಸರುಗಳಿದ್ದರೂ ಅವೆಲ್ಲವೂ ಇಡೀ ಕುಲಕ್ಕೆ ಸೇರಿದ ಹೆಸರುಗಳೇ ಹೊರತು ಒಂದೊಂದು ಜಾತಿಯನ್ನು ಬೇರ್ಪಡಿಸಿ ಹೇಳುವವಲ್ಲ. ಜೋಳದಲ್ಲಿ ಎಷ್ಟೊಂದು ತಳಿಗಳನ್ನು ಕಣ್ಣಿನಿಂದಲೇ ಗುರುತಿಸಬಲ್ಲ ನಮ್ಮ ರೈತನಿಗೆ ಇಲ್ಲಿ ಭಾಷೆಯ ನೆರವು ಸಾಲದಾಗಿದೆ.

ಇನ್ನು ಹೊಲದ ವಿಷಯ. 2022ರ ಮುಂಗಾರಿನಲ್ಲಿ ಮಹಾರಾಷ್ಟ್ರದ ಲಾತೂರು, ಬೀಡ್ ಹಾಗೂ ಆಗ ಉಸ್ಮಾನಾಬಾದ್ ಎನಿಸಿಕೊಂಡಿದ್ದ ಈಗಿನ ಧಾರಾಶಿವ ಜಿಲ್ಲೆಗಳಲ್ಲಿ ಸೋಯಾಬೀನ್ ಬೆಳೆಯನ್ನು ಬಸವನಹುಳುಗಳು ಮೊಳಕೆಯಲ್ಲಿಯೇ ತಿಂದು ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂದುದು ನಿಮಗೆ ನೆನಪಿರಬಹುದು. ಎಷ್ಟೋ ರೈತರು ಎರಡನೆಯ ಸಲ, ಮೂರನೆಯ ಸಲ ಬಿತ್ತಬೇಕಾಯಿತು. ಅಲ್ಲಿನ ಜನ ಅದನ್ನು 'ಶಂಖಿ ಗೋಗಲಗಾಯ್' ಎಂದು ಕರೆದರು. ನಮ್ಮ ಕಡೆ 'ಶಂಖದ ಹುಳು' ಎನ್ನುತ್ತಾರೆ. ಆಳಂದ ತಾಲ್ಲೂಕು ಧಾರಾಶಿವ ಮತ್ತು ಸೊಲ್ಲಾಪುರ ಜಿಲ್ಲೆಗಳಿಗೆ ಹೊಂದಿಕೊಂಡಿದೆ. ಎರಡೂ ಕಡೆ ಅದೇ ಕಪ್ಪು ಮಣ್ಣು, ಅದೇ ಸೋಯಾ, ಅದೇ ತೊಗರಿ. ಹುಳುವಿಗೆ ರಾಜ್ಯದ ಗಡಿಗಲ್ಲು ಓದಲು ಬಾರದು.

ಈ ಶಂಖದ ಹುಳು ನಮ್ಮದಲ್ಲ. ಇದರ ತವರು ಪೂರ್ವ ಆಫ್ರಿಕಾ. ವಿಜ್ಞಾನಿಗಳು ಬಹುಕಾಲ ಅಕಾಟಿನಾ ಫುಲಿಕಾ ಎನ್ನುತ್ತಿದ್ದರು, ಈಗ ಲಿಸ್ಸಅಕಾಟಿನಾ ಫುಲಿಕಾ ಎನ್ನುತ್ತಾರೆ. ವಿಲಿಯಂ ಬೆನ್ಸನ್ ಎಂಬ ಆಂಗ್ಲ ಅಧಿಕಾರಿ ಚಿಪ್ಪುಗಳ ಸಂಗ್ರಹದಲ್ಲಿ ಆಸಕ್ತಿಯುಳ್ಳವನಾಗಿದ್ದ. ಆತ 1847ರಲ್ಲಿ ಮಾರಿಷಸ್‌ನಿಂದ ಕೆಲವು ಜೀವಂತ ಹುಳುಗಳನ್ನು ತಂದು ಕಲ್ಕತ್ತೆಯ ಚೌರಂಗಿಯ ಒಂದು ತೋಟದಲ್ಲಿ ಬಿಟ್ಟನೆಂದು ದಾಖಲೆಯಿದೆ. ಅಲ್ಲಿಂದ ಹರಡಿದ ಸಂತತಿ ಇಂದು ದೇಶದ ಬಹುಭಾಗದಲ್ಲಿದೆ. ಸ್ವತಃ ತೆವಳಿಕೊಂಡು ಇಷ್ಟು ದೂರ ಬರಲು ಅದರಿಂದ ಸಾಧ್ಯವಿರಲಿಲ್ಲ. ಸಸಿಗಳ ಬುಡದ ಮಣ್ಣಿನಲ್ಲಿ, ತರಕಾರಿಯ ಬುಟ್ಟಿಗಳಲ್ಲಿ, ಲಾರಿಯ ಮರಳು-ಇಟ್ಟಿಗೆಗಳಲ್ಲಿ ಮೊಟ್ಟೆಯಾಗಿಯೋ ಮರಿಯಾಗಿಯೋ ಕುಳಿತು ಬಂದಿದೆ. ಅಂದರೆ ನಾವೇ ಹೊತ್ತು ತಂದಿದ್ದೇವೆ.

"ನಿನ್ನೆ ಒಂದೂ ಇರಲಿಲ್ಲ, ಇಂದು ಸಾವಿರ ಇವೆ, ಮಳೆಯೊಂದಿಗೆ ಬಿದ್ದವೇನು?" ಎಂದು ಕೇಳುವವರಿದ್ದಾರೆ. ಉತ್ತರ ಮಣ್ಣಿನಲ್ಲಿದೆ. ಬೇಸಿಗೆ ಬಂದಾಗ ಈ ಹುಳು ಬದುವಿನ ಕಲ್ಲುಗಳ ಸಂದಿಯಲ್ಲಿ, ತಿಪ್ಪೆಯ ಕೆಳಗೆ, ಮಣ್ಣಿನ ಬಿರುಕುಗಳಲ್ಲಿ ಸೇರಿಕೊಂಡು ಚಿಪ್ಪಿನ ಬಾಯಿಗೆ ಒಂದು ತೆಳು ಪರದೆಯನ್ನು ತಾನೇ ಕಟ್ಟಿಕೊಂಡು ತಿಂಗಳುಗಟ್ಟಲೆ ನಿದ್ರಿಸುತ್ತದೆ. ಇದನ್ನು ಗ್ರೀಷ್ಮನಿದ್ರೆ ಎನ್ನುತ್ತೇವೆ. ಮೃಗಶಿರಾ ಮಳೆ, ನಮ್ಮ ಜನರ ಬಾಯಲ್ಲಿ ಮಿರಗ, ಬಿದ್ದು ನೆಲ ತಣಿಯುತ್ತಲೇ ಎಲ್ಲವೂ ಒಟ್ಟಿಗೆ ಎಚ್ಚರಗೊಳ್ಳುತ್ತವೆ. ಬಿತ್ತಿದ ಬೀಜ ಮೊಳೆಯುವ ವಾರವೂ ಅದೇ. ಪ್ರತಿಯೊಂದು ಹುಳುವಿನಲ್ಲಿಯೂ ಗಂಡು ಹೆಣ್ಣು ಎರಡೂ ಅಂಗಗಳಿರುವುದರಿಂದ ಪ್ರಾಯಕ್ಕೆ ಬಂದ ಎಲ್ಲವೂ ಮೊಟ್ಟೆಯಿಡಬಲ್ಲವು. ಒಂದು ಸಲಕ್ಕೆ ನೂರರಿಂದ ನಾನೂರರವರೆಗೆ, ವರ್ಷಕ್ಕೆ ಹಲವು ಸಲ. ಚಿಪ್ಪು ಕಟ್ಟಲು ಬೇಕಾದ ಸುಣ್ಣಕ್ಕೂ ನಮ್ಮಲ್ಲಿ ಬರವಿಲ್ಲ. ಎರೆಯ ಭೂಮಿಯಲ್ಲಿ ಸುಣ್ಣದ ಹರಳುಗಳಿವೆ, ಭೀಮೆಯ ಆಸುಪಾಸಿನಲ್ಲಿ ಶಹಾಬಾದ್ ಕಲ್ಲು ಎಂದು ಹೆಸರಾದ ಸುಣ್ಣಕಲ್ಲಿನ ಹಾಸೇ ಇದೆ.

ಹಾಗಿದ್ದರೆ ಗುರುತು ಹೇಗೆ? ತರಗತಿಯಲ್ಲಿ ಹೇಳುತ್ತಿದ್ದಂತೆ ಮೂರು ಪ್ರಶ್ನೆಗಳನ್ನು ಹೇಳುತ್ತೇನೆ. ಮೊದಲನೆಯದು, ಚಿಪ್ಪಿನ ಎತ್ತರ ಹೆಚ್ಚೋ, ಅಗಲ ಹೆಚ್ಚೋ? ಆಫ್ರಿಕದ ಹುಳುವಿನದು ಮೊನಚಾದ ಗೋಪುರದಂಥ ಚಿಪ್ಪು. ಬೆಳೆದುದು ಐದರಿಂದ ಹತ್ತು ಸೆಂಟಿಮೀಟರ್ ಉದ್ದವಿದ್ದು ಕಂದು ಬಣ್ಣದ ಮೇಲೆ ಉದ್ದುದ್ದ ಗೀರುಗಳಿರುತ್ತವೆ. ನಮ್ಮ ಸ್ಥಳೀಯ ನೆಲದ ಹುಳುಗಳಲ್ಲಿ ಸಾಮಾನ್ಯವಾಗಿ ಕಾಣುವ ಕ್ರಿಪ್ಟೋಜೋನಾ, ಮ್ಯಾಕ್ರೋಕ್ಲಾಮಿಸ್ ಮುಂತಾದವುಗಳ ಚಿಪ್ಪು ತೆಳು, ನಯವಾದ ಹೊಳಪುಳ್ಳದ್ದು, ಚಪ್ಪಟೆಯಾಗಿ ಸುತ್ತಿದ ಪೇಟದಂತೆ ಎತ್ತರಕ್ಕಿಂತ ಅಗಲ ಹೆಚ್ಚಾದದ್ದು. ಅಳತೆಯಲ್ಲಿ ಎರಡು ಮೂರು ಸೆಂಟಿಮೀಟರಿನ ಆಜುಬಾಜು. ಎರಡನೆಯ ಪ್ರಶ್ನೆ, ಬಾಯಿಗೆ ಗಟ್ಟಿಯಾದ ಮುಚ್ಚಳವಿದೆಯೇ? ಮಳೆಯಲ್ಲಿ ಕೆರೆ ಬಿಟ್ಟು ದಾರಿಗೆ ಬಂದ ದುಂಡನೆಯ ದೊಡ್ಡ ಹುಳುವಿನ ಬಾಯಿಗೆ ಬಾಗಿಲಿನಂಥ ಮುಚ್ಚಳವಿದ್ದರೆ ಅದು ಪೈಲಾ, ನೀರಿನ ಪ್ರಾಣಿ. ನಿಮ್ಮ ಬೆಳೆಯ ಶತ್ರುವಲ್ಲ. ಮೂರನೆಯದು, ಕಣ್ಣೆಲ್ಲಿದೆ? ಹೊಲದ ಹುಳುಗಳಿಗೆ ಎರಡು ಜೊತೆ ಸ್ಪರ್ಶಾಂಗಗಳಿದ್ದು ಉದ್ದನೆಯ ಜೊತೆಯ ತುದಿಯಲ್ಲಿ ಕಣ್ಣಿರುತ್ತದೆ. ಕೊಳದ ಹುಳುಗಳ ಕಣ್ಣು ಸ್ಪರ್ಶಾಂಗದ ಬುಡದಲ್ಲಿರುತ್ತದೆ. ಎತ್ತರದ ಚಿಪ್ಪಿನ ಸ್ಥಳೀಯ ಜಾತಿಗಳೂ ಉಂಟು, ಆದರೆ ಅವು ಚಿಕ್ಕವು. ಮರಿಗಳನ್ನು ಕಂಡು ಅನುಮಾನವಾದರೆ ಸುತ್ತಮುತ್ತ ದೊಡ್ಡವನ್ನು ಹುಡುಕಿ ನೋಡಿರಿ, ಸಂಶಯ ಪರಿಹಾರವಾಗುತ್ತದೆ.

ಸ್ಥಳೀಯ ಹುಳುಗಳೆಲ್ಲ ಸಾಧುಗಳೆಂದು ನಾನು ವಾದಿಸುವುದಿಲ್ಲ. ಕ್ರಿಪ್ಟೋಜೋನಾ ಕೂಡ ಕೆಲವೊಮ್ಮೆ ಕಾಯಿಪಲ್ಯದ ಎಲೆ ತಿನ್ನುತ್ತದೆ. ಆದರೆ ಇವುಗಳ ಮುಖ್ಯ ಆಹಾರ ಕೊಳೆತ ಎಲೆ, ಬೂಷ್ಟು, ಪಾಚಿ. ಉದುರಿದ್ದನ್ನು ಅರೆದು ಮಣ್ಣಿಗೆ ಮರಳಿಸುವ ಕೆಲಸದಲ್ಲಿ ಎರೆಹುಳುವಿನ ಜೊತೆಗಾರರು ಇವರು. ಇನ್ನೊಂದು ಉಪಕಾರ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಹಕ್ಕಿಗಳು ತಮ್ಮ ಮೊಟ್ಟೆಯ ಸಿಪ್ಪೆಗೆ ಬೇಕಾದ ಸುಣ್ಣವನ್ನು ಬಸವನಹುಳುವಿನ ಚಿಪ್ಪಿನಿಂದ ಪಡೆಯುತ್ತವೆ. ನೆದರ್‌ಲ್ಯಾಂಡ್ಸ್ ದೇಶದ ಕಾಡುಗಳಲ್ಲಿ ಮಣ್ಣು ಆಮ್ಲೀಯವಾಗಿ ಬಸವನಹುಳುಗಳು ಕಡಿಮೆಯಾದಾಗ, ಸಣ್ಣ ಹಕ್ಕಿಗಳು ತೆಳು ಸಿಪ್ಪೆಯ, ಒಡೆದುಹೋಗುವ ಮೊಟ್ಟೆಗಳನ್ನು ಇಡತೊಡಗಿದವೆಂದು ಅಲ್ಲಿನ ವಿಜ್ಞಾನಿಗಳು 1994ರಲ್ಲಿ ಪ್ರಕಟಿಸಿದರು. ಹುಳು ಹೋದರೆ ಹಕ್ಕಿಯ ಗೂಡು ಬರಿದಾಗುತ್ತದೆ. ಹಕ್ಕಿ ಹೋದರೆ ತೊಗರಿಯ ಕಾಯಿಕೊರಕವನ್ನು ಹೆಕ್ಕುವವರು ಕಡಿಮೆಯಾಗುತ್ತಾರೆ. ಲೆಕ್ಕ ಸುತ್ತಿ ಬಂದು ನಮ್ಮ ಅಂಗಳದಲ್ಲಿಯೇ ನಿಲ್ಲುತ್ತದೆ.

ವಿಷಕ್ಕೆ ಈ ಭೇದ ತಿಳಿಯದು. ಅಂಗಡಿಯಲ್ಲಿ ಸಿಗುವ ಮೆಟಾಲ್ಡಿಹೈಡ್ ಗುಳಿಗೆಗಳು ಆಫ್ರಿಕದ ಹುಳುವಿಗೆಂದೇ ಶಿಫಾರಸಾದವು, ಪರಿಣಾಮಕಾರಿಯೂ ಹೌದು. ಆದರೆ ಅದೇ ಗುಳಿಗೆಯನ್ನು ನಾಯಿ ತಿಂದರೆ ನಾಯಿಗೆ ಅಪಾಯ, ಕರು ನೆಕ್ಕಿದರೆ ಕರುವಿಗೆ ಅಪಾಯ, ಕಾಳೆಂದು ಹೆಕ್ಕಿದ ನವಿಲಿಗೂ ಅಪಾಯ. ಈ ಕಾರಣಗಳಿಂದಲೇ ಬ್ರಿಟನ್‌ನಲ್ಲಿ 2022ರಿಂದ ಬಯಲಿನಲ್ಲಿ ಇದರ ಬಳಕೆಯನ್ನು ನಿಲ್ಲಿಸಲಾಯಿತು. ಬೆಲ್ಲ ಮತ್ತು ತೌಡಿನಲ್ಲಿ ಬೆರೆಸಿ ಇಡುತ್ತಿದ್ದ ಮೆಥೊಮಿಲ್ ಎಂಬ ಕೀಟನಾಶಕವನ್ನು ನಮ್ಮ ಕೇಂದ್ರ ಸರ್ಕಾರವೇ 2023ರಲ್ಲಿ ನಿಷೇಧಿಸಿತು. ಮನೆಯ ಮೂಲೆಯಲ್ಲಿ ಹಳೆಯ ಡಬ್ಬಿಯಿದ್ದರೆ ದಯವಿಟ್ಟು ಅದನ್ನು ಬಳಸಬೇಡಿರಿ. ಇನ್ನು ಕೆಲವರು ಸುಲಭವೆಂದು ಹೊಲದ ತುಂಬ ಉಪ್ಪು ಎರಚುತ್ತಾರೆ. ಹುಳುವೇನೋ ಸಾಯುತ್ತದೆ, ಆದರೆ ನೀರಾವರಿಯಿಂದ ಮೊದಲೇ ಸವಳಾಗುತ್ತಿರುವ ಕಪ್ಪು ಮಣ್ಣಿಗೆ ಉಪ್ಪು ಸುರಿಯುವುದು ಮಗನ ಪಾಲಿನ ಹೊಲವನ್ನು ಇಂದೇ ಕೆಡಿಸಿದಂತೆ.

ಗುರುತಿಸದೆ ಮದ್ದು ಮಾಡಿದರೆ ಏನಾಗುತ್ತದೆಂಬುದಕ್ಕೆ ಜಗತ್ತಿನಲ್ಲಿ ಒಂದು ದೊಡ್ಡ ಪಾಠವಿದೆ. ಶಾಂತಸಾಗರದ ನಡುವೆ ಫ್ರೆಂಚ್ ಪಾಲಿನೇಷ್ಯದಲ್ಲಿ ಮೋರೆಯಾ ಎಂಬ ದ್ವೀಪವಿದೆ. ಅಲ್ಲಿಯೂ ಈ ಆಫ್ರಿಕದ ಹುಳು ಬಂದು ಬೆಳೆ ಹಾಳುಮಾಡಿತು. ಅದನ್ನು ತಿನ್ನಲೆಂದು ಅಮೆರಿಕ ಮೂಲದ ಮಾಂಸಾಹಾರಿ ಬಸವನಹುಳುವೊಂದನ್ನು 1977ರಲ್ಲಿ ತಂದು ಬಿಟ್ಟರು. ಅದು ಆಫ್ರಿಕದ ಹುಳುವಿಗಿಂತ ಹೆಚ್ಚಾಗಿ ದ್ವೀಪದ ಕಾಡಿನಲ್ಲಿದ್ದ ಪಾರ್ಟುಲಾ ಎಂಬ ಪುಟ್ಟ ಸ್ಥಳೀಯ ಹುಳುಗಳ ಬೆನ್ನು ಹತ್ತಿತು. ಹತ್ತೇ ವರ್ಷಗಳಲ್ಲಿ ಮೋರೆಯಾದ ಕಾಡುಗಳಿಂದ ಪಾರ್ಟುಲಾಗಳು ಇಲ್ಲವಾದವು. ವಿಜ್ಞಾನಿಗಳು ಮೊದಲೇ ಹಿಡಿದು ಲಂಡನ್ ಮುಂತಾದ ಕಡೆಯ ಮೃಗಾಲಯಗಳಲ್ಲಿ ಸಾಕಿಕೊಂಡಿದ್ದ ಕೆಲವೇ ಹುಳುಗಳ ಸಂತತಿಯನ್ನು 2015ರಿಂದ ದ್ವೀಪಗಳಿಗೆ ಮರಳಿ ಒಯ್ದು ಬಿಡುತ್ತಿದ್ದಾರೆ. ಶತ್ರುವನ್ನು ಹೊಡೆಯಹೋಗಿ ಮನೆಯ ಮಕ್ಕಳನ್ನು ಹೊಡೆದ ಕಥೆ ಇದು.

ಈಗ ಹೊಲದಿಂದ ನದಿಗೆ ಬರೋಣ. ಕೊರಳ್ಳಿಯ ಬಳಿ ಅಣೆಕಟ್ಟಿನಲ್ಲಿ ತಂಗಿ ಮುಂದೆ ಹರಿಯುವ ನಮ್ಮ ಅಮರ್ಜಾ, ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಅಫಜಲಪುರದಲ್ಲಿದ್ದಾಗ ಮಕ್ಕಳನ್ನು ಒಮ್ಮೆ ಆ ಸಂಗಮಕ್ಕೆ ಕರೆದೊಯ್ದು, ದಂಡೆಯಲ್ಲಿ ಬಿದ್ದ ಖಾಲಿ ಚಿಪ್ಪುಗಳನ್ನು ಆಯ್ದು ಆಕಾರದಂತೆ ರಾಶಿ ಮಾಡಿಸಿದ್ದೆ. ಅರ್ಧ ಗಂಟೆಯಲ್ಲಿ ಮಕ್ಕಳು ಆರು ರಾಶಿ ಮಾಡಿದರು. ಅವುಗಳ ಲ್ಯಾಟಿನ್ ಹೆಸರು ಅವರಿಗೆ ಬೇಕಿರಲಿಲ್ಲ. ಆರು ಬೇರೆ ಬೇರೆ ಎಂದು ಕಂಡರೆ ಸಾಕಿತ್ತು. ಅವರಲ್ಲಿ ಕೆಲವರು ಈ ಪುಟವನ್ನು ಓದುತ್ತಿದ್ದೀರಿ, ನಿಮಗೆ ನೆನಪಿದೆಯೆಂದು ನಂಬುತ್ತೇನೆ.

ದುಂಡನೆಯ ಪೈಲಾ ಕಿವಿರು ಮತ್ತು ಶ್ವಾಸಕೋಶ ಎರಡನ್ನೂ ಹೊಂದಿದ ವಿಚಿತ್ರ ಪ್ರಾಣಿ. ನೀರಿನಲ್ಲಿಯೂ ಉಸಿರಾಡುತ್ತದೆ, ಗಾಳಿಯಲ್ಲಿಯೂ ಉಸಿರಾಡುತ್ತದೆ. ಕೆರೆ ಬತ್ತಿದಾಗ ಕೆಸರಿನಲ್ಲಿ ಹೂತುಕೊಂಡು ಬಾಗಿಲು ಹಾಕಿಕೊಂಡು ಮಳೆಗಾಗಿ ಕಾಯುತ್ತದೆ. ಬೆಲ್ಲಾಮಿಯಾ ಎಂಬುದು ಗೆರೆಗೆರೆಯ ಹಸಿರುಗಂದು ಚಿಪ್ಪಿನದು. ಮೊಟ್ಟೆಯಿಡದೆ ಮರಿ ಹಾಕುತ್ತದೆ. ಸೂಜಿಯಂತೆ ನೀಳವಾದ ಮೆಲನಾಯ್ಡಿಸ್‌ನಲ್ಲಿ ಬಹುತೇಕ ಎಲ್ಲವೂ ಹೆಣ್ಣುಗಳೇ. ಗಂಡಿನ ನೆರವಿಲ್ಲದೆ ಸಂತಾನ ನಡೆಸುತ್ತವೆ. ಕಲ್ಲಿನ ಮೇಲಿನ ಪಾಚಿಯನ್ನು ಕೆರೆದು ತಿನ್ನುವುದು, ತಳದ ಕೊಳೆಯನ್ನು ಕರಗಿಸುವುದು ಇವುಗಳ ನಿತ್ಯದ ಕೆಲಸ. ಕೊಕ್ಕಿನ ನಡುವೆ ಸಂದು ಬಿಟ್ಟಿರುವ ಬಾಯ್ಕಳಕ ಕೊಕ್ಕರೆಯನ್ನು ನೀವು ಕಂಡಿರಬಹುದು; ಆ ಹಕ್ಕಿಯ ಮುಖ್ಯ ಊಟವೇ ಪೈಲಾ.

ಇವುಗಳ ವಂಶದ ಹಳಮೆಯನ್ನು ಕೇಳಿದರೆ ನಮ್ಮ ಇತಿಹಾಸದ ಪಾಠಗಳು ಚಿಕ್ಕದಾಗಿ ಕಾಣುತ್ತವೆ. ದಖ್ಖನ್ನಿನ ಈ ಕಪ್ಪು ಕಲ್ಲು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಒಂದು ಹರಿವಿಗೂ ಮುಂದಿನದಕ್ಕೂ ನಡುವೆ ದೀರ್ಘ ಬಿಡುವು ಸಿಕ್ಕಾಗ ಅಲ್ಲಲ್ಲಿ ಕೆರೆಗಳಾದವು, ಕೆರೆಗಳಲ್ಲಿ ಬಸವನಹುಳುಗಳು ಬದುಕಿದವು. ಮುಂದಿನ ಲಾವಾ ಬಂದು ಆ ಕೆಸರನ್ನು ಮುಚ್ಚಿ ಕಲ್ಲಾಗಿಸಿತು. ಅಂಥ ಪದರಗಳಲ್ಲಿ ಸಿಕ್ಕ ಎಡಮುರಿ ಚಿಪ್ಪಿನ ಹುಳುವೊಂದಕ್ಕೆ ಸೋವರ್ಬಿ ಎಂಬ ಆಂಗ್ಲ ವಿದ್ವಾಂಸ 1840ರಲ್ಲಿ ಫೈಸಾ ಪ್ರಿನ್ಸೆಪಿ ಎಂದು ಹೆಸರಿಟ್ಟ. 2009ರವರೆಗೆ ನಮ್ಮ ಜಿಲ್ಲೆಯಲ್ಲಿಯೇ ಇದ್ದ, ಈಗ ಯಾದಗಿರಿಗೆ ಸೇರಿದ ಗುರುಮಠಕಲ್ಲಿನ ಬಳಿಯೂ ಲಾವಾ ನಡುವಿನ ಇಂಥ ಕೆರೆಗೆಸರಿನ ಪದರವಿದೆ. ಬೆಂಕಿಯ ಹೊಳೆಯ ನಡುವೆಯೂ ಈ ಕುಲ ಉಳಿದು ಬಂತು.

ಆದರೆ ಇಂದಿನ ಭೀಮೆಯಲ್ಲಿ ಅವುಗಳ ಪಾಡು ಸುಲಭವಲ್ಲ. ಅಫಜಲಪುರ ಮತ್ತು ಜೇವರ್ಗಿಯ ದಂಡೆಗಳಲ್ಲಿ ಮರಳು ತೆಗೆಯುವುದನ್ನು ನೀವೆಲ್ಲ ಕಂಡಿದ್ದೀರಿ. ಮರಳು ಎಂದರೆ ಮನೆ ಕಟ್ಟುವ ಸಾಮಗ್ರಿ ಎಂದಷ್ಟೇ ನಾವು ತಿಳಿದಿದ್ದೇವೆ. ಹುಳುಗಳಿಗೂ ಕಪ್ಪೆಚಿಪ್ಪುಗಳಿಗೂ ಅದು ಕಟ್ಟಿದ ಮನೆಯೇ ಆಗಿದೆ. ಯಂತ್ರದ ಬುಟ್ಟಿಯಲ್ಲಿ ಮರಳಿನೊಂದಿಗೆ ಅವೂ ಲಾರಿ ಹತ್ತುತ್ತವೆ. ಬೇಸಿಗೆಯಲ್ಲಿ ನದಿ ತುಂಡು ತುಂಡಾಗಿ ಮಡುಗಳಾಗಿ ನಿಲ್ಲುತ್ತದೆ. 2020ರ ಅಕ್ಟೋಬರಿನಂತೆ ಕೆಲವೊಮ್ಮೆ ದಂಡೆ ಮೀರಿ ಊರಿಗೇ ನುಗ್ಗುತ್ತದೆ. ಬರ ಮತ್ತು ನೆರೆ ಎರಡನ್ನೂ ತಾಳಿಕೊಳ್ಳುವ ಉಪಾಯ ಹುಳುಗಳಿಗೆ ಗೊತ್ತು. ನದಿಯ ತಳವನ್ನೇ ಕಿತ್ತೊಯ್ದರೆ ತಾಳಿಕೊಳ್ಳುವ ಉಪಾಯ ಯಾವ ಪ್ರಾಣಿಗೂ ಗೊತ್ತಿಲ್ಲ.

ನೀರಿನ ಹುಳುಗಳಲ್ಲಿಯೂ ಎಚ್ಚರದಿಂದ ನೋಡಬೇಕಾದ ಎರಡು ಬಗೆಗಳಿವೆ, ಅದನ್ನು ಮರೆಮಾಚಬಾರದು. ತೆಳು ಚಿಪ್ಪಿನ ಲಿಮ್ನಿಯಾದೊಳಗೆ ಯಕೃತ್ತಿನ ಜಂತುವಿನ ಮರಿಗಳು ಬೆಳೆಯುತ್ತವೆ. ಅವು ಹುಲ್ಲಿಗೆ ಅಂಟಿ ಎಮ್ಮೆ ಆಕಳ ಹೊಟ್ಟೆ ಸೇರುತ್ತವೆ. ಚಕ್ಕುಲಿಯಂತೆ ಚಪ್ಪಟೆಯಾಗಿ ಸುತ್ತಿದ ಇಂಡೋಪ್ಲಾನಾರ್ಬಿಸ್, ದನಗಳ ಗೊರಕೆ ರೋಗದ ಜಂತುವಿಗೆ ಆಸರೆ ಕೊಡುತ್ತದೆ. ಮೂಗಿನೊಳಗೆ ಹೂಕೋಸಿನಂಥ ಗಂಟು ಬೆಳೆದು ದನ ಉಸಿರಾಡುವಾಗ ಗೊರಕೆಯ ಸದ್ದು ಬರುವ ಈ ರೋಗದ ಜಂತುವನ್ನು ಮದ್ರಾಸ್ ಪ್ರಾಂತ್ಯದಲ್ಲಿ ಎಂ. ಅನಂತನಾರಾಯಣ ರಾವ್ ಎಂಬ ಪಶುವೈದ್ಯ ವಿಜ್ಞಾನಿ 1933ರಲ್ಲಿ ಮೊದಲು ವಿವರಿಸಿದರು. ಇಲ್ಲಿಯೂ ನನ್ನ ಮಾತು ಅದೇ. ಚಕ್ಕುಲಿ ಹುಳು ತುಂಬಿದ ನಿಂತ ನೀರಿಗೆ ದನ ಇಳಿಸಬೇಡಿರಿ, ಬಾನಿಯಲ್ಲಿ ಬಾವಿಯ ನೀರು ಕುಡಿಸಿರಿ, ಗೊರಕೆ ಕೇಳಿಸಿದರೆ ಪಶುವೈದ್ಯರ ಬಳಿಗೆ ಒಯ್ಯಿರಿ. ಅದಕ್ಕಾಗಿ ಇಡೀ ಕೆರೆಗೆ ವಿಷ ಹಾಕಿದರೆ ಮೀನೂ ಸಾಯುತ್ತದೆ, ಪೈಲಾವೂ ಸಾಯುತ್ತದೆ, ಆ ನೀರು ಕುಡಿದ ದನಕ್ಕೂ ಕೇಡು.

"ಮಾಸ್ತರರೇ, ನಿಮಗೇನು, ಪಿಂಚಣಿ ಬರುತ್ತದೆ, ಮೊಳಕೆ ತಿಂದು ಹೋದ ರೈತ ಚಿಪ್ಪಿನ ಅಗಲ ಅಳೆಯುತ್ತ ಕೂಡಬೇಕೇ?" ಎಂದು ಕೇಳುವವರಿಗೆ ಉತ್ತರ ಹೇಳಲೇಬೇಕು, ಏಕೆಂದರೆ ಆ ಪ್ರಶ್ನೆ ನ್ಯಾಯವಾದದ್ದು. ಎರಡನೆಯ ಸಲ ಬೀಜ ಗೊಬ್ಬರಕ್ಕೆ ಸಾಲ ಮಾಡಿದವನಿಗೆ ನೆದರ್‌ಲ್ಯಾಂಡ್ಸಿನ ಹಕ್ಕಿಯ ಕಥೆಯಿಂದ ಹೊಟ್ಟೆ ತುಂಬದು. ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ದುಬಾರಿ ಎಂಬುದೂ ನಿಜ. ಆದರೆ ಗುರುತು ಹಿಡಿಯುವುದು ರೈತನ ಕೆಲಸವನ್ನು ಹೆಚ್ಚಿಸುವುದಿಲ್ಲ, ಕಡಿಮೆ ಮಾಡುತ್ತದೆ. ಆಫ್ರಿಕದ ಹುಳುವೆಂದು ತಿಳಿದೊಡನೆ ಅದು ಎಲ್ಲಿ ಮಲಗಿರುತ್ತದೆ, ಯಾವಾಗ ಏಳುತ್ತದೆ ಎಂಬುದೂ ತಿಳಿಯುತ್ತದೆ. ಹಗಲಿಡೀ ಹೊಲದಲ್ಲಿ ಹುಡುಕುವ ಬದಲು ಮೊದಲ ಮಳೆಯ ನಂತರದ ಎರಡು ಮೂರು ವಾರ, ಸಂಜೆ ಕತ್ತಲಾದ ಮೇಲೆ ಮತ್ತು ಬೆಳಗು ಹರಿಯುವ ಮುನ್ನ, ಬದುವಿನುದ್ದಕ್ಕೂ ಹುಡುಕಿದರೆ ಸಾಕು. ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಅಥವಾ ಕೋಸಿನ ಎಲೆ ಇಟ್ಟರೆ ಹುಳುಗಳು ತಾವಾಗಿಯೇ ಬಂದು ಸೇರುತ್ತವೆ. ಹಾಗೆ ಆಯ್ದವನ್ನು ಉಪ್ಪುನೀರಿನ ಬಕೆಟ್ಟಿಗೆ ಹಾಕಿ, ಸತ್ತ ಮೇಲೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಬೇಕು. ಬದುವಿನಲ್ಲಿ ಕೆನೆಬಣ್ಣದ ಕಾಳಿನಂಥ ಮೊಟ್ಟೆಗಳು ಕಂಡರೆ ಅವನ್ನೂ ನಾಶಮಾಡಬೇಕು. ಬರಿಗೈಯಲ್ಲಿ ಮುಟ್ಟುವುದು ಬೇಡ. ಇಲಿಗಳಿಂದ ಬರುವ ಒಂದು ಜಂತು ಈ ಹುಳುವಿನ ಮೈಯಲ್ಲಿದ್ದು, ಮನುಷ್ಯನ ದೇಹ ಸೇರಿದರೆ ಮೆದುಳಿನ ಪೊರೆಯ ಉರಿಯೂತ ತರಬಲ್ಲದು. ಕೈಚೀಲ ಅಥವಾ ಪ್ಲಾಸ್ಟಿಕ್ ಹಾಳೆ ಇರಲಿ, ಆಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಇಷ್ಟೆಲ್ಲ ಮಾಡಿಯೂ ಹಿಡಿತಕ್ಕೆ ಬಾರದಿದ್ದರೆ ಗುಳಿಗೆಯ ಮಾತು ಬರಲಿ; ಅದನ್ನೂ ಹೋಬಳಿಯ ರೈತ ಸಂಪರ್ಕ ಕೇಂದ್ರದವರನ್ನೋ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದವರನ್ನೋ ಕೇಳಿ, ದನ ನಾಯಿ ಬಾರದಂತೆ, ಬದುವಿನ ಗುಂಟ ಮಾತ್ರ ಇಡಿರಿ.

ಒಂದು ಮಾತನ್ನು ಒತ್ತಿ ಹೇಳಬೇಕು. ಒಬ್ಬನೇ ರೈತ ಆಯ್ದರೆ ಪ್ರಯೋಜನವಿಲ್ಲ. ಪಕ್ಕದ ಹೊಲದಿಂದ ಮರುದಿನ ಮತ್ತೆ ಬರುತ್ತವೆ. ವಿಷವನ್ನು ಒಬ್ಬನೇ ಕೊಂಡು ಒಬ್ಬನೇ ಎರಚಬಹುದು, ಅದಕ್ಕೇ ಅದು ಸುಲಭವೆನಿಸುತ್ತದೆ. ಆಯುವ ಕೆಲಸಕ್ಕೆ ಊರು ಒಂದಾಗಬೇಕು. ಅಮೆರಿಕದ ಫ್ಲೋರಿಡಾದಲ್ಲಿ 1966ರಲ್ಲಿ ಒಬ್ಬ ಹುಡುಗ ಹವಾಯಿಯಿಂದ ಮೂರೇ ಮೂರು ಹುಳು ತಂದುದರಿಂದ ಪಿಡುಗು ಹುಟ್ಟಿತು. ಹದಿನೆಂಟು ಸಾವಿರದಷ್ಟು ಹುಳುಗಳನ್ನು ಹಿಡಿದು ನಾಶಮಾಡಿ, 1975ರಲ್ಲಿ ಅದು ತೊಲಗಿತೆಂದು ಘೋಷಿಸಿದರು. 2011ರಲ್ಲಿ ಮತ್ತೆ ಬಂದಾಗ ಮನೆಮನೆಯ ಅಂಗಳ ಹುಡುಕಿ, ತರಬೇತಿ ಪಡೆದ ನಾಯಿಗಳಿಂದಲೂ ಮೂಸಿಸಿ, ಮದ್ದನ್ನೂ ಬಳಸಿ, ಒಂದೂವರೆ ಲಕ್ಷಕ್ಕೂ ಮಿಕ್ಕಿ ಹುಳುಗಳನ್ನು ಹಿಡಿದು 2021ರಲ್ಲಿ ಗೆದ್ದೆವೆಂದರು. ಮರುವರ್ಷವೇ ಇನ್ನೊಂದು ಕಡೆ ಕಾಣಿಸಿಕೊಂಡಿತು. ಅಷ್ಟು ಹಣವುಳ್ಳ ದೇಶಕ್ಕೂ ಕಣ್ಣಿಟ್ಟು ಹುಡುಕುವ ಜನರ ನೆರವಿಲ್ಲದೆ ಆಗಲಿಲ್ಲ ಎಂಬುದನ್ನು ಗಮನಿಸಬೇಕು. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳಿನ ಪದ್ಧತಿ ಇತ್ತು. ಒಬ್ಬರ ಹೊಲದ ರಾಶಿಗೆ ಊರೇ ಹೋಗುತ್ತಿತ್ತು. ಮಿರಗದ ಮಳೆಯಾದ ವಾರದಲ್ಲಿ ಗ್ರಾಮ ಪಂಚಾಯಿತಿ ಡಂಗುರ ಹೊಡೆಸಿ ಮೂರು ಸಂಜೆ ಊರೊಟ್ಟಾಗಿ ಹು‌ಳು ಆಯ್ದರೆ, ಗುಳಿಗೆಗೆ ಕೊಡುವ ಹಣ ಮನೆಯಲ್ಲಿಯೇ ಉಳಿದೀತು.

ಇನ್ನು ಶಾಲೆಯ ಮಾತು. ಭಾರತದಲ್ಲಿ ಸಾವಿರಕ್ಕೂ ಮಿಕ್ಕಿ ನೆಲದ ಮೃದ್ವಂಗಿಗಳೂ ಇನ್ನೂರಕ್ಕೂ ಮಿಕ್ಕಿ ಸಿಹಿನೀರಿನವೂ ಇವೆ. ಸಿಹಿನೀರಿನವುಗಳ ಬಗ್ಗೆ ಎನ್. ವಿ. ಸುಬ್ಬರಾವ್ ಅವರ ಕೈಪಿಡಿಯನ್ನು ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣ ಸಂಸ್ಥೆ 1989ರಲ್ಲಿಯೇ ಪ್ರಕಟಿಸಿತು. ನಮ್ಮ ರಾಜ್ಯದವರೇ ಆದ ಎನ್. ಎ. ಮಧ್ಯಸ್ಥ, ಎನ್. ಎ. ಅರವಿಂದ ಇವರು ಲಂಡನ್ನಿನ ಡೇವಿಡ್ ರೀಡ್ ಅವರೊಂದಿಗೆ ಸೇರಿ ಪಶ್ಚಿಮ ಘಟ್ಟದ ಜಲಪಾತಗಳ ಬಂಡೆಗಳಲ್ಲಿ ಬದುಕುವ ಕ್ರೆಮ್ನೋಕಾಂಕಸ್ ಎಂಬ ಹುಳುಗಳ ಹೊಸ ಜಾತಿಗಳನ್ನು 2013ರಲ್ಲಿ ಜಗತ್ತಿಗೆ ತಿಳಿಸಿದರು. ಅವುಗಳಲ್ಲೊಂದಕ್ಕೆ ಆಗುಂಬೆಯ ಹೆಸರಿದೆ. ಸಮುದ್ರದ ಹುಳುಗಳ ಕುಲದವು ಬೆಟ್ಟದ ಸಿಹಿನೀರಿಗೆ ಒಗ್ಗಿ ಬದುಕುತ್ತಿರುವ ವಿಸ್ಮಯ ಅದು. ಘಟ್ಟದಲ್ಲಿ ಮಾತ್ರ ವಿಸ್ಮಯ, ನಮ್ಮ ಬಿಸಿಲುನಾಡಿನಲ್ಲಿ ಏನೂ ಇಲ್ಲ ಎಂಬ ಕೀಳರಿಮೆ ನಮ್ಮ ಮಕ್ಕಳಲ್ಲಿ ಬೇರೂರಿದೆ. ಶಿಕ್ಷಕ ವೃತ್ತಿಯಲ್ಲಿರುವ ನನ್ನ ಶಿಷ್ಯರಿಗೆ ಒಂದು ಸಲಹೆ: ಜುಲೈ ತಿಂಗಳ ಒಂದು ತರಗತಿಯನ್ನು ಇದಕ್ಕೆ ಮೀಸಲಿಡಿರಿ. ಜೀವಂತ ಹುಳುವನ್ನು ಮಕ್ಕಳು ಮುಟ್ಟುವುದು ಬೇಡ; ನೋಡಲಿ, ಚಿತ್ರ ಬರೆಯಲಿ, ತೊಳೆದ ಖಾಲಿ ಚಿಪ್ಪುಗಳನ್ನು ವಿಂಗಡಿಸಲಿ. ಗೋಪುರದ್ದು, ಪೇಟದ್ದು, ಬಾಗಿಲಿನದು, ಚಕ್ಕುಲಿಯದು, ಸೂಜಿಯದು ಎಂದು ತಮ್ಮದೇ ಹೆಸರಿಡಲಿ. ಆ ಹೆಸರುಗಳು ಮಕ್ಕಳ ಬಾಯಿಂದ ಮನೆಗೆ, ಮನೆಯಿಂದ ಹೊಲಕ್ಕೆ ಹೋಗುತ್ತವೆ. ಮಗಳು "ಅಪ್ಪಾ, ಇದು ಪೇಟದ ಹುಳ, ಬಿಡು" ಎಂದರೆ ಅಪ್ಪ ಕೇಳುತ್ತಾನೆ. ನಮ್ಮ ಭಾಷಣ ಕೇಳುವುದಕ್ಕಿಂತ ಹೆಚ್ಚು ಕೇಳುತ್ತಾನೆ.

ಕೆಂಬೂತವು ಆಫ್ರಿಕದ ಹುಳುವನ್ನೂ ಕುಕ್ಕಿ ತಿನ್ನುತ್ತದೆ. ಮಿಂಚುಹುಳುವಿನ ಮರಿಗಳ ಆಹಾರವೇ ಬಸವನಹುಳು. ಬದುವಿನ ಪೊದೆಯನ್ನೆಲ್ಲ ಸುಟ್ಟು, ಕಂಡ ಹುಳುವಿಗೆಲ್ಲ ವಿಷವಿಟ್ಟರೆ ನಮ್ಮ ಪರವಾಗಿ ದುಡಿಯುವ ಈ ಕೂಲಿಯಿಲ್ಲದ ಆಳುಗಳನ್ನೂ ಕಳೆದುಕೊಳ್ಳುತ್ತೇವೆ. ಮಿಂಚುಹುಳು ಕಾಣದ ಮಳೆಗಾಲದ ರಾತ್ರಿಗಳು ನಿಮ್ಮ ಊರಿನಲ್ಲಿ ಹೆಚ್ಚುತ್ತಿವೆಯೇ ಎಂದು ಒಮ್ಮೆ ಯೋಚಿಸಿ ನೋಡಿರಿ.

ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿರುವ ನೀವು ಊರಿಗೆ ಬರುವಾಗ ಹೂಕುಂಡಗಳನ್ನೂ ನರ್ಸರಿಯ ಸಸಿಗಳನ್ನೂ ತರುತ್ತೀರಿ; ಬುಡದ ಮಣ್ಣನ್ನು ಒಮ್ಮೆ ಪರೀಕ್ಷಿಸಿ ತನ್ನಿರಿ, ಇಷ್ಟು ಉಪಕಾರ ಸಾಕು. ಹೊಲ ಮಾಡುತ್ತಿರುವವರು ತಮ್ಮ ಹೊಲದಲ್ಲಿ ಯಾವ ಯಾವ ಆಕಾರದ ಚಿಪ್ಪುಗಳನ್ನು ಕಂಡಿರಿ, ನಿಮ್ಮ ಮನೆಯ ಹಿರಿಯರು ಅವಕ್ಕೆ ಬೇರೆ ಬೇರೆ ಹೆಸರು ಹೇಳುತ್ತಾರೆಯೇ ಎಂಬುದನ್ನು ಕೇಳಿ ನನಗೆ ಬರೆದು ತಿಳಿಸಿರಿ. ಮುಂದಿನ ಮಳೆಗಾಲಕ್ಕೆ ಮುನ್ನ ಅವನ್ನೆಲ್ಲ ಒಂದೆಡೆ ಕೂಡಿಸಿ, ಮೂರೂ ತಾಲ್ಲೂಕುಗಳ ಶಾಲೆಗಳಲ್ಲಿ ಗೋಡೆಗೆ ಅಂಟಿಸಬಹುದಾದ ಒಂದು ಪುಟವನ್ನು ಸಿದ್ಧಪಡಿಸುವ ಆಸೆ ನನಗಿದೆ.